ದೆವ್ವವಿಲ್ಲದ ಕಾರಿಡಾರ್

ಸಂಜೆ ಐದರೊಳಗೆ ಗೇಮ್ ಕಳಿಸಬೇಕಿತ್ತು. ಹೊಸಬರ ಗೇಮ್‌ಗಳ ಪ್ರದರ್ಶನಕ್ಕೆ ಆಯ್ಕೆಯಾದರೆ ಸರಿ, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಹಳೆಯ ಆಫೀಸಿಗೆ ಮರಳುತ್ತೇನೆಂದು ಅಕ್ಕನಿಗೆ ಮಾತು ಕೊಟ್ಟಿದ್ದೆ. ಕತೆ, ಚಿತ್ರ, ಸದ್ದು, ಕೋಡಿಂಗ್ ಎಲ್ಲವನ್ನೂ ನಾನೊಬ್ಬಳೇ ಮಾಡಿದ ದೆವ್ವದ ಗೇಮ್ ಅದು. ವರ್ಷಗಟ್ಟಲೆ ದೆವ್ವದ ಜೊತೆ ಸಂಸಾರ ಮಾಡಿದವಳಿಗೆ ಅದರ ಭಯ ಎಲ್ಲಿಂದ ಬರಬೇಕು? ಅದರ ಒಂದೊಂದು ಹಲ್ಲನ್ನೂ ನಾನೇ ಕೂರಿಸಿದ್ದೆ. ಹಾಗಾಗಿ ಹೆದರುವ ಕೆಲಸ ಅಕ್ಕನ ಪಾಲಿಗೆ ಬಂದಿತ್ತು.

ಅಕ್ಕ ಆ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿದ್ದಳು. ಆಟದಲ್ಲಿ ಒಂದು ಹಳೆಯ ಮನೆ, ಅದರಲ್ಲೊಂದು ಉದ್ದನೆಯ ಕಾರಿಡಾರ್. ಅರ್ಧ ದಾರಿ ನಡೆಯುವಷ್ಟರಲ್ಲಿ ದೆವ್ವ ಎದುರಿಗೆ ಬಂದು ನಿಲ್ಲುತ್ತದೆ. ಪ್ರತಿ ಸಲವೂ ಅಲ್ಲಿ ಅಕ್ಕ ಕಿಟಾರನೆ ಕಿರುಚುತ್ತಿದ್ದಳು. ಕೆಳಗಿನ ಮನೆಯ ಟೈಲರ್ ಕೋಲು ತಗೊಂಡು ತನ್ನ ಸೂರು ಕುಟ್ಟುತ್ತಿದ್ದ. ಆ ಸದ್ದು ನನಗೆ ಚಪ್ಪಾಳೆಯ ಹಾಗೆ ಕೇಳುತ್ತಿತ್ತು.

ಆವತ್ತು ಊಟವಾದ ಮೇಲೆ ಕೊನೆಯ ಪರೀಕ್ಷೆಗೆ ಅವಳನ್ನು ಕೂರಿಸಿದೆ. ಕಿಟಕಿಯ ಪರದೆ ಎಳೆದು, ಅವಳ ಕಿವಿಗೆ ಹೆಡ್‌ಫೋನ್ ಹಾಕಿ, ಅವಳ ಮುಖವನ್ನೇ ನೋಡುತ್ತಾ ಪಕ್ಕದಲ್ಲಿ ನಿಂತೆ. ಅಕ್ಕ ಕಾರಿಡಾರಿಗೆ ಕಾಲಿಟ್ಟಳು. ಅರ್ಧ ದಾರಿ ಬಂತು. ಅವಳು ಕಿರುಚಲಿಲ್ಲ. ಇನ್ನೊಂದೆರಡು ಹೆಜ್ಜೆ ಹೋಗಿ ನಿಂತುಬಿಟ್ಟಳು. ಮೌಸ್ ಹಿಡಿದ ಕೈಯ ಗೆಣ್ಣುಗಳು ಬಿಳಿಚಿಕೊಂಡಿದ್ದವು. ಆಮೇಲೆ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟು, ಎದ್ದು ಅಡುಗೆಮನೆಗೆ ಹೋದಳು.

ಬೇಜಾರಾಗಿ ಎದ್ದುಹೋದಳು, ಕತೆ ಮುಗಿಯಿತು ಅಂದುಕೊಂಡೆ. ಸ್ಕ್ರೀನ್ ನೋಡಿದರೆ ಕಾರಿಡಾರ್ ಖಾಲಿ. ಆಗ ಹೊಳೆಯಿತು. ಬೆಳಿಗ್ಗೆ ಬಾಗಿಲುಗಳ ಸದ್ದು ಸರಿಮಾಡುತ್ತಿದ್ದಾಗ ದೆವ್ವ ಬಂದು ಬಂದು ನನ್ನನ್ನು ಕೊಲ್ಲುತ್ತಿತ್ತು. ಅದರ ಕಾಟ ತಾಳಲಾರದೆ ಆಫ್ ಮಾಡಿದವಳು ಮತ್ತೆ ಆನ್ ಮಾಡಲು ಮರೆತಿದ್ದೆ. ಹಣೆ ಚಚ್ಚಿಕೊಂಡು ಅಡುಗೆಮನೆಗೆ ಓಡಿದೆ.

ಅಕ್ಕ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತಿದ್ದಳು.

“ಅಕ್ಕಾ, ತಪ್ಪು ನಂದೇ. ದೆವ್ವಾನೇ ಆಫ್ ಆಗಿತ್ತು. ಬಾ, ಇನ್ನೊಂದ್ಸಲ ಆಡು.”

“ಬೇಡ.”

“ದೆವ್ವ ಬಂದ್ರೆ ಕಿರುಚ್ತೀಯಲ್ಲ, ಅದೊಂದು ನೋಡ್ಬೇಕು ನಂಗೆ.”

“ಅದೆಲ್ಲಾ ನಾಟಕ ಕಣೇ. ಅಷ್ಟು ಕಷ್ಟಪಟ್ಟು ಮಾಡಿದೀಯ, ಸುಮ್ನೆ ಕೂತ್ರೆ ನೊಂದ್ಕೋತೀಯ ಅಂತ ಕಿರುಚ್ತಿದ್ದೆ.”

ನನಗೆ ಮೈಯೆಲ್ಲ ಉರಿದುಹೋಯಿತು. “ಇಷ್ಟು ದಿನ ನನ್ನ ಮಂಗ ಮಾಡಿದ್ಯಾ? ಅದನ್ನ ಇವತ್ತೇ ಹೇಳ್ಬೇಕಿತ್ತಾ? ಐದಕ್ಕೆ ಕಳಿಸ್ಬೇಕು ನಾನು!”

“ಕೂಗಾಡ್ಬೇಡ. ಇವತ್ತು ನಿಜವಾಗ್ಲೂ ಭಯ ಆಯ್ತು.”

“ಖಾಲಿ ಕಾರಿಡಾರ್ ನೋಡೀನಾ?”

“ಅದು ನಮ್ಮನೇದು. ಚಿಕ್ಕವರಿದ್ದಾಗ ಇದ್ವಲ್ಲ, ಆ ಬಾಡಿಗೆ ಮನೇದು. ನಿಂಗೊತ್ತಾಗ್ಲೇ ಇಲ್ವಾ?”

ಗೊತ್ತಾಗಿರಲಿಲ್ಲ. ಗೋಡೆಯ ಅರ್ಧದವರೆಗೆ ಹಸಿರು ಬಣ್ಣ, ಬಲಗಡೆ ಎರಡು ಬಾಗಿಲು, ಕೊನೆಯಲ್ಲೊಂದು ಸಣ್ಣ ಕೋಣೆ. ಎಲ್ಲವೂ ಕೈಗೆ ತಾನಾಗಿಯೇ ಬಂದಿತ್ತು, ನನ್ನ ಕಲ್ಪನೆ ಅಂತ ನಾನು ಬೀಗಿದ್ದೆ.

“ಅಪ್ಪ ಕುಡಿದು ಬರೋ ಹೊತ್ತಲ್ಲಿ ಹಿಂಗೇ ಇರ್ತಿತ್ತು,” ಅಕ್ಕ ಹೇಳಿದಳು. “ಒಂದು ಸದ್ದಿಲ್ಲ. ನಿನ್ನ ಆ ಕೋಣೇಲಿ ಮಲಗ್ಸಿ ನಾನು ಹೊರಗೆ ನಿಂತಿರ್ತಿದ್ದೆ. ನಿನ್ನಾಟದಲ್ಲಿ ದೆವ್ವ ಬಂದಾಗೆಲ್ಲ ಸಮಾಧಾನ ಆಗೋದು ನಂಗೆ. ಸದ್ಯ, ಅಪ್ಪ ಅಲ್ವಲ್ಲ ಅಂತ.”

ನನ್ನ ಸಿಟ್ಟು ಜರ್ರನೆ ಇಳಿಯಿತು. ಅಪ್ಪ ಕುಡಿಯುತ್ತಿದ್ದುದು ಗೊತ್ತಿತ್ತು. ಆದರೆ ಅವನ ಕೈ ನನ್ನ ತನಕ ಒಮ್ಮೆಯೂ ಬಂದಿರಲಿಲ್ಲ. ಯಾಕೆ ಬಂದಿರಲಿಲ್ಲವೆಂದು ಈಗ ತಿಳಿಯಿತು.

“ದೆವ್ವಾನ ಆನ್ ಮಾಡೇ ಕಳಿಸ್ತೀನಿ,” ಎಂದೆ. ಖಾಲಿ ಕಾರಿಡಾರಿನ ಮುಂದೆ ನನ್ನ ದೆವ್ವ ಏನೇನೂ ಅಲ್ಲವೆಂದು ಅಷ್ಟರಲ್ಲಾಗಲೇ ಅರ್ಥವಾಗಿತ್ತು. ಆದರೂ ಅಕ್ಕನ ಭಯವನ್ನು ಕಂಡವರ ಆಟಕ್ಕಿಡಲು ಮನಸ್ಸು ಬರಲಿಲ್ಲ.

ಅಕ್ಕ ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡಳು. “ಬೇಡ, ಖಾಲೀನೇ ಇರ್ಲಿ. ಆ ಕೊನೇ ಕೋಣೆಗೆ ಒಳಗಡೆಯಿಂದ ಒಂದು ಚಿಲಕ ಹಾಕು. ನಮ್ಮನೇಲಿ ಇರ್ಲಿಲ್ಲ. ಅಪ್ಪ ಕಿತ್ತಾಕಿದ್ದ.”

ಗೇಮಿನಲ್ಲಿ ಚಿಲಕವೆಂದರೆ ಮೊಳೆ ಹೊಡೆದಷ್ಟು ಸುಲಭವಲ್ಲ. ಅದರ ಆಕಾರ ಬಿಡಿಸಬೇಕು, ಜಾರುವಂತೆ ಮಾಡಬೇಕು, ಹಾಕಿದ ಮೇಲೆ ಯಾರು ತಳ್ಳಿದರೂ ಬಾಗಿಲು ತೆರೆಯದಂತೆ ಕೋಡ್ ಬರೆಯಬೇಕು. ಬಚ್ಚಲಮನೆಯ ಚಿಲಕ ಎಳೆದು ಅದರ ಸದ್ದನ್ನು ಫೋನಿನಲ್ಲಿ ಹಿಡಿದುಕೊಂಡು ಬಂದೆ. ಗೇಮ್ ಮತ್ತೆ ಮತ್ತೆ ಮುಗ್ಗರಿಸಿ ನಿಂತಿತು. ಬೆರಳುಗಳು ಬೆವರಿ ಕೀಬೋರ್ಡಿನ ಮೇಲೆ ಜಾರುತ್ತಿದ್ದವು. ಅಂತೂ ಚಿಲಕ ಕೂತಾಗ, ಒಮ್ಮೆ ಆಡಿ ನೋಡಿ ಕಳಿಸುವಷ್ಟು ಹೊತ್ತು ಮಾತ್ರ ಉಳಿದಿತ್ತು.

“ಏಳು, ನಾನು ನೋಡ್ತೀನಿ,” ಎಂದು ಅಕ್ಕ ನನ್ನನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂತಳು.

ಕಾರಿಡಾರಿನಲ್ಲಿ ನಿಂತಳು, ಹಿಂತಿರುಗಿ ನೋಡಿದಳು, ಮತ್ತೆ ನಡೆದಳು. ಕೊನೆಯ ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿ ಚಿಲಕ ಹಾಕಿಕೊಂಡಳು. ಬಿಗಿದುಕೊಂಡಿದ್ದ ಅವಳ ಭುಜಗಳು ಸಡಿಲವಾದವು. ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡು ಹಾಗೇ ಕೂತಳು.

ನನ್ನ ಹತ್ತಿರ ಇದ್ದದ್ದು ಅದೊಂದೇ ಕಂಪ್ಯೂಟರು, ಗೇಮ್ ಕಳಿಸಬೇಕೆಂದರೆ ಅವಳ ಆಟ ನಿಲ್ಲಿಸಬೇಕಿತ್ತು. ಐದಾಗುತ್ತಾ ಬಂದಿತ್ತು. ನಾನು ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. ಚಿಲಕ ತೆಗೆ ಎಂದು ಹೇಳಲಿಲ್ಲ.