ಮಾಡಿನೊಳಗಿನ ಮಸಿ

ಬಾಗಿಲ ಮೇಲಿನ ಕಲ್ಲಿನಲ್ಲಿ ‘ಜ್ಯಾಸ್ಪರ್ ಟಿಡ್‌ಮಾರ್ಷ್, ೧೬೮೪’ ಎಂದು ಕೆತ್ತಿತ್ತು. ಯಾರೇ ಬರಲಿ, ಆ್ಯಂಬ್ರೋಸ್ ಮುದುಕ ಅವರನ್ನು ಅದರ ಕೆಳಗೆ ನಿಲ್ಲಿಸಿ, “ನಮ್ಮ ವಂಶದ ಹಿರೀಕ ಸ್ವಂತ ಕೈಯಿಂದ ಕಟ್ಟಿದ ಮನೆ” ಎಂದ ಮೇಲೇ ಒಳಗೆ ಬಿಡುತ್ತಿದ್ದ. ಸೊಸೆ ಡಾರ್ಕಸ್ ಬರ್ಮಿಂಗ್‌ಹ್ಯಾಮಿನ ಇಟ್ಟಿಗೆ ಸುಡುವವರ ಮಗಳು. ಬಂದು ಇಪ್ಪತ್ತೆಂಟು ವರ್ಷವಾಗಿದ್ದರೂ, “ಇಟ್ಟಿಗೆಯೋರಿಗೆ ಕಲ್ಲಿನ ಬೆಲೆ ಏನ್ ಗೊತ್ತು?” ಎಂಬ ಮಾತು ಅವಳಿಗೆ ತಪ್ಪಿರಲಿಲ್ಲ.

ಮಹಾಯುದ್ಧ ಮುಗಿದ ಆರನೆಯ ವರ್ಷ, ಸೆಪ್ಟೆಂಬರಿನಲ್ಲಿ, ಹಿತ್ತಲ ಕಡೆಯ ಮಾಡು ಸೋರತೊಡಗಿತು. ಕಲ್ಲಿನ ಹಂಚುಗಳನ್ನು ಹಿಡಿದಿದ್ದ ಮರದ ಗೂಟಗಳು ಕೊಳೆತು ಅವು ಜಾರಿದ್ದವು. ಹಂಚು ಹೊದಿಸುವ ರೂಬೆನ್ ಲಾಜ್ ಬಂದು ಕೆಲಸ ಹಿಡಿದ. ಎರಡನೆಯ ದಿನ ಬೆಳಿಗ್ಗೆ ಮೇಲಿನಿಂದ ಕೂಗಿದ:

“ಅಕ್ಕಾ, ಒಂದ್ಸಲ ಅಟ್ಟಕ್ಕೆ ಬನ್ನಿ. ಲಾಟೀನು ತನ್ನಿ.”

ಡಾರ್ಕಸ್ ಹತ್ತಿ ನೋಡಿದರೆ, ತೊಲೆಗಳ ಮೇಲೆ ಹೆಪ್ಪುಗಟ್ಟಿದ ಮಸಿ. ಉಗುರಿನಿಂದ ಕೆರೆದರೆ ಚಕ್ಕೆಯಾಗಿ ಏಳುತ್ತಿತ್ತು.

“ಬೆಂಕಿ ಬಿದ್ದಿತ್ತಾ?”

“ಬಿದ್ದಿದ್ರೆ ಮರ ಉಳೀತಿತ್ತಾ? ಇದು ಒಲೆ ಹೊಗೆ. ಆಗ ಹೊಗೆ ಹೋಗೋ ಚಿಮಣಿನೂ ಇರ್ಲಿಲ್ಲ, ಮಹಡಿನೂ ಇರ್ಲಿಲ್ಲ. ಕೆಳಗೆ ನೆಲದ ನಡುವೆ ಬೆಂಕಿ, ಮೇಲೆ ಈ ಮಾಡು, ಅಷ್ಟೆ. ಇಲ್ಲಿ ನೋಡಿ.” ಚಿಮಣಿಗೆ ದಾರಿ ಬಿಡಲು ಒಂದು ತೊಲೆಯನ್ನು ಕೊಯ್ದಿದ್ದರು. ಕೊಯ್ದ ಮುಖದಲ್ಲಿ ಚೂರೂ ಮಸಿಯಿರಲಿಲ್ಲ. “ಮಸಿ ಕಟ್ಟಿದ ಮೇಲೇ ಕೊಯ್ದಿದ್ದು. ಜ್ಯಾಸ್ಪರ್ ಹುಟ್ಟೋದಕ್ಕೆ ಇನ್ನೂರು ವರ್ಷ ಮುಂಚಿನ ಮನೆ ಇದು. ಅವನು ಚಿಮಣಿ ಎಬ್ಬಿಸಿ, ಮಹಡಿ ಹಾಕಿ, ಹೆಸರು ಕೆತ್ತಿಸಿಕೊಂಡ.”

ಡಾರ್ಕಸಳ ಎದೆಯಲ್ಲಿ ಮೊದಲು ಎದ್ದದ್ದು ಸಂತೋಷವೇ. ಏಣಿಯಿಳಿಯುತ್ತಾ, ಮಾವನಿಗೆ ಹೇಳಬೇಕಾದ ಮಾತನ್ನು ನಾಲ್ಕು ಬಗೆಯಲ್ಲಿ ಹೇಳಿ ನೋಡಿಕೊಂಡಳು. ಮಧ್ಯಾಹ್ನ ಮುದುಕ ಬ್ರೆಡ್ಡು, ಚೀಸು, ಈರುಳ್ಳಿ ಮುಂದಿಟ್ಟುಕೊಂಡು, “ಜ್ಯಾಸ್ಪರ್ ಹೊದಿಸಿದ ಮಾಡು, ಇಷ್ಟು ದಿನ ಬಂತು. ಇಟ್ಟಿಗೆಯೋರ ಮಾಡಾಗಿದ್ರೆ…” ಎಂದು ಶುರು ಮಾಡಿದ.

“ನಿಮ್ಮ ಜ್ಯಾಸ್ಪರ್ ಕಟ್ಟಿದ್ದು ಚಿಮಣಿ ಮಾತ್ರ, ಮಾವ” ಎಂದುಬಿಟ್ಟಳು.

ನಂತರ ಎಲ್ಲವನ್ನೂ ಹೇಳಬೇಕಾಯಿತು. ಮುದುಕನ ಚಾಕು ಈರುಳ್ಳಿಯ ಮೇಲೆ ನಿಂತೇಬಿಟ್ಟಿತು. ಅವನ ಮುಖ ನೋಡಲಾರದೆ ಅವಳು ಕೆಟಲಿನತ್ತ ತಿರುಗಿದಳು. ಮುದುಕ ಚಾಕು ಕೆಳಗಿಟ್ಟು ಕೇಳಿದ:

“ಏಣಿ ಗಟ್ಟಿಯಾಗಿದೆಯಾ?”

ಎಂಬತ್ನಾಲ್ಕರ ಮುದುಕನನ್ನು ರೂಬೆನ್ ಕೆಳಗಿನಿಂದ ನೂಕಿದ, ಡಾರ್ಕಸ್ ಮೇಲಿನಿಂದ ಎಳೆದಳು. ನಲವತ್ತು ವರ್ಷ ಕಲ್ಲುಗಣಿಯಲ್ಲಿ ದುಡಿದ ಬೆರಳುಗಳು ಕೊಯ್ದ ತೊಲೆಯ ಮೇಲೆ ನಿಧಾನವಾಗಿ ಆಡಿದವು.

“ಜ್ಯಾಸ್ಪರ್‌ಗೆ ಗೊತ್ತಿತ್ತು” ಎಂದ ಮುದುಕ. “ಕೊಯ್ಯೋವಾಗ ಕೈಯೆಲ್ಲಾ ಕಪ್ಪಾಗಿರಬೇಕಲ್ಲ. ಗೊತ್ತಿದ್ದೂ ತನ್ನ ಹೆಸರೊಂದನ್ನೇ ಹಾಕಿಸ್ಕೊಂಡ, ಕಳ್ಳ.” ಆಮೇಲೆ ಮೆಲ್ಲಗೆ, “ಮೊದ್ಲು ಕಟ್ಟಿದೋರು ಯಾರೋ?”

“ಅದು ಯಾರಿಗೆ ಗೊತ್ತು ಯಜಮಾನ್ರೇ” ಎಂದ ರೂಬೆನ್.

ಮುದುಕನನ್ನು ಹಾಗೆ ಬಿಡಲು ಡಾರ್ಕಸಳಿಗೆ ಮನಸ್ಸಾಗಲಿಲ್ಲ. “ಯಾರೋ ಏನೋ, ಈ ಹೊಗೇಲಿ ಕಣ್ಣುಜ್ಜಿಕೊಂಡು ಬೇಯಿಸ್ತಿದ್ದ ಸೊಸೆ ಮಾವನಿಗೆ ಚೆನ್ನಾಗಿ ಶಾಪ ಹಾಕಿರ್ತಾಳೆ” ಎಂದಳು.

ಮುದುಕ ಅವಳನ್ನು ದಿಟ್ಟಿಸಿದ. ಗಂಟಲಲ್ಲಿ ಏನೋ ಗರಗರ ಎಂದಿತು. ಅದು ನಗು ಎಂದು ಅವಳಿಗೆ ಗೊತ್ತಾಗುವಷ್ಟರಲ್ಲಿ ಅವನು ಕೆಮ್ಮಿ ಕೆಮ್ಮಿ ಕಣ್ಣೀರು ಒರೆಸಿಕೊಳ್ಳುತ್ತಿದ್ದ.

ಕೊಳೆತ ಒಂದು ತೊಲೆಯನ್ನು ತೆಗೆದುಬಿಡೋಣ ಎಂದ ರೂಬೆನ್. ಮುದುಕ ಒಪ್ಪಲಿಲ್ಲ. ಪಕ್ಕಕ್ಕೆ ಹೊಸ ಓಕ್ ಮರ ಕೊಟ್ಟು ಹಳೆಯದನ್ನು ಅದಕ್ಕೆ ಬಿಗಿಸಿದರು.

ಹಂಚು ಮತ್ತೆ ಹೊದಿಸುವ ದಿನಗಳಲ್ಲಿ ಆ್ಯಂಬ್ರೋಸ್ ಅಂಗಳದಲ್ಲಿ ಸ್ಟೂಲು ಹಾಕಿಕೊಂಡು ಕುಳಿತು, ಸೊಸೆಯನ್ನು ಪಕ್ಕಕ್ಕೆ ಕರೆದ. ಒಂದೊಂದು ಕಲ್ಲನ್ನೂ ಎತ್ತಿ ಹಿಡಿದು ಬೆರಳಗಂಟಿನಿಂದ ಬಡಿದು ತೋರಿಸಿದ.

“ಕೇಳು. ಠಣ್ ಅಂದ್ರೆ ಒಳ್ಳೇದು. ಬದ್ ಅಂದ್ರೆ ಒಳಗೆ ಬಿರುಕಿದೆ, ಮುಂದಿನ ಹಿಮಕ್ಕೆ ಒಡೆಯುತ್ತೆ. ಈಗ ನೀನು ಬಡಿ.”

ಡಾರ್ಕಸ್ ಬಡಿದಳು, ಕಿವಿಗೊಟ್ಟಳು. “ಇದು ಮೇಲಕ್ಕೆ ಹೋಗ್ಲಿ” ಎಂದು ಒಂದನ್ನು ರೂಬೆನ್‌ಗೆ ಕೊಟ್ಟು, ಇನ್ನೊಂದಕ್ಕೆ ಕೈ ಚಾಚಿದಳು.