ಅಗ್ಗದ ರೆಕಾರ್ಡಿನ ಹಾಡುಗಾರ್ತಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗುಬ್ಬಿ ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗುತ್ತಾಳೆ. ಹೇಳಲಿ ಬಿಡಿ. ತಾಯಿ ಇಲ್ಲದ ಕೂಸನ್ನು ಒಬ್ಬಳೇ ಸಾಕಿ ನೋಡಲಿ, ಆಮೇಲೆ ಗೊತ್ತಾಗುತ್ತದೆ. ಗುಬ್ಬಿ ನನ್ನ ಅಕ್ಕನ ಮಗಳು. ಅಕ್ಕ ಕಾಯಿಲೆ ಬಿದ್ದು ತೀರಿಕೊಂಡಾಗ ಇವಳಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಅಪ್ಪ ಎನಿಸಿಕೊಂಡವನು ಅದಕ್ಕೂ ಮೊದಲೇ ಹೇಳದೆ ಕೇಳದೆ ಹೊರಟುಹೋಗಿದ್ದ.

ಅಕ್ಕ ಹಾಡುಗಾರ್ತಿ ಎಂದರೆ ಜನ ತಕ್ಷಣ ಹೆಸರು ಕೇಳುತ್ತಾರೆ. ಹೆಸರು ಎಲ್ಲಿಂದ ತರಲಿ? ಆಗ ಒಂದು ಕಂಪನಿ ಅಗ್ಗದ ರೆಕಾರ್ಡು ಮಾಡುತ್ತಿತ್ತು. ಆ ತಿಂಗಳು ಜನರ ಬಾಯಲ್ಲಿ ಯಾವ ಯಾವ ಹಾಡು ಇದೆಯೋ ಅದನ್ನೆಲ್ಲ ಬೇರೆಯವರಿಂದ ಹಾಡಿಸಿ, ಒಂದೇ ತಟ್ಟೆಗೆ ತುಂಬಿ, ಸೋಪು ಮಾರುವ ಅಂಗಡಿಗಳಲ್ಲೂ ಇಡುತ್ತಿದ್ದರು. ಅಸಲಿ ರೆಕಾರ್ಡು ಕೈಗೆಟುಕದವರು ಇದನ್ನು ಕೊಳ್ಳುತ್ತಿದ್ದರು. ಹೊದಿಕೆಯ ಮೇಲೆ ಕೊಡೆ ಹಿಡಿದು ಹಲ್ಲು ಕಿರಿಯುವ ಹುಡುಗಿಯ ಫೋಟೋ. ಆ ಪುಣ್ಯಾತ್ಗಿತ್ತಿಗೆ ಎರಡು ಸಾಲು ಹಾಡಲೂ ಬರುತ್ತಿರಲಿಲ್ಲವಂತೆ. ಹಾಡಿದವರ ಹೆಸರು ಮಾತ್ರ ಎಲ್ಲೂ ಇಲ್ಲ.

ಆಗಿನ ದೊಡ್ಡ ಗಾಯಕಿಯೊಬ್ಬಳ ಹಾಡುಗಳನ್ನು ಅಕ್ಕ ಮತ್ತು ಇನ್ನೊಬ್ಬಳು ಹಂಚಿಕೊಂಡು ಹಾಡುತ್ತಿದ್ದರು. ಇಬ್ಬರೂ ಥೇಟ್ ಆಕೆಯ ಹಾಗೇ ಹಾಡಬೇಕು. ಅಕ್ಕ ಪಾತ್ರೆ ತೊಳೆಯುತ್ತಲೇ ಅಭ್ಯಾಸ ಮಾಡುತ್ತಿದ್ದಳು. ಹಾಡಿದಳೆಂದರೆ ಬಲಗಾಲು ಸುಮ್ಮನಿರುತ್ತಿರಲಿಲ್ಲ: ಎರಡು ಸಣ್ಣ ಪೆಟ್ಟು, ಒಂದು ದೊಡ್ಡದು. ಕೆಳಗಿನ ಮನೆಯಾತ ಪೊರಕೆಯ ಹಿಡಿಯಿಂದ ಸೂರಿಗೆ ತಿವಿದು, "ಮೇಲೆ ಯಾರಮ್ಮಾ ಅದು ಕುಟ್ಟೋದು?" ಎಂದು ಅರಚುತ್ತಿದ್ದ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಮ್ಮಕ್ಕ ಕಣ್ರೀ! ಏನೀಗ?" ಎಂದು ಜಗಳಕ್ಕೆ ನಿಲ್ಲುತ್ತಿದ್ದೆ.

ಅವಳು ಒಂದು ರೆಕಾರ್ಡನ್ನೂ ಮನೆಗೆ ತರಲಿಲ್ಲ. "ಹೊಟ್ಟೆಪಾಡಿಗೆ ಹಾಡಿದ್ದನ್ನ ಮನೇಲೂ ಕೇಳ್ಬೇಕೇನೇ?" ಎನ್ನುತ್ತಿದ್ದಳು. ಹಾಗಾಗಿ ಅವಳು ಹೋದಮೇಲೆ ಧ್ವನಿ ಎಂಬುದು ಏನೂ ಉಳಿಯಲಿಲ್ಲ.

ಗುಬ್ಬಿ ಈಗ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಮಾಡುತ್ತಾಳೆ. ಹಳೇ ಸಾಮಾನಿನ ಅಂಗಡಿಗಳಲ್ಲಿ ದೂಳು ತಿಂದು ಆ ರೆಕಾರ್ಡುಗಳನ್ನು ಒಂದೊಂದಾಗಿ ಕಲೆಹಾಕಿದಳು. ಅದರಲ್ಲಿ ಒಂದು ಮೆಲುದನಿಯ ಹಾಡನ್ನು ಹಿಡಿದುಕೊಂಡು ಇದೇ ಅಮ್ಮ ಎಂದು ತೀರ್ಮಾನಿಸಿಬಿಟ್ಟಳು. ಬೆಳಗ್ಗೆ ಎದ್ದರೆ ಅದೇ ಹಾಡು.

"ಅಮ್ಮಾನೇ ಅಲ್ವಾ ಚಿಕ್ಕಮ್ಮಾ?"

ನಾನು ಏನು ಹೇಳಲಿ? ನನಗೆ ಗೊತ್ತಾಗುತ್ತಿರಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವಳ ಧ್ವನಿ ನನಗೆ ಗೊತ್ತಾಗುತ್ತಿರಲಿಲ್ಲ. ಎಲ್ಲ ಹಾಡಿನಲ್ಲೂ ಆ ದೊಡ್ಡ ಗಾಯಕಿಯ ಧ್ವನಿಯೇ ಕೇಳಿಸುತ್ತಿತ್ತು. ಒಳಗೊಳಗೇ ನಾಚಿಕೆಯಾಗುತ್ತಿತ್ತು, ಮೇಲೆ ಮಾತ್ರ "ಕೆಲಸಕ್ಕೆ ಹೊತ್ತಾಯ್ತು, ಹೊರಡೇ" ಎಂದು ರೇಗುತ್ತಿದ್ದೆ.

ಜೊತೆಗೆ ಹಾಡುತ್ತಿದ್ದವಳು ಇನ್ನೂ ಇದ್ದಾಳೆ ಎಂದು ಗುಬ್ಬಿಯೇ ಪತ್ತೆ ಹಚ್ಚಿದಳು. ಕಂಚಿನ ಕಂಠ ಎಂದು ಅಕ್ಕ ಅವಳನ್ನು ಕಂಚಕ್ಕ ಎನ್ನುತ್ತಿದ್ದಳು. ದರ್ಜಿಯ ಅಂಗಡಿಯ ಮೇಲೆ, ಹಲಗೆ ನೆಲದ ಒಂದು ಕೋಣೆಯಲ್ಲಿ ವಾಸ. ನಾವು ರೆಕಾರ್ಡಿನ ಗಂಟು ಹೊತ್ತು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದೆವು. ಕಂಚಕ್ಕ ಗುಬ್ಬಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಮೂಗು ಅವಳದ್ದೇ. ಕಾಲೂ ಅವಳ ಹಾಗೇ ಕುಟ್ಟುತ್ತೋ ಏನೋ!" ಎಂದು ನಕ್ಕಳು.

ಗುಬ್ಬಿ ಮೇಜಿನ ಮೇಲಿದ್ದ ಕಂಚಕ್ಕನ ರೆಕಾರ್ಡ್ ಪ್ಲೇಯರಿನಲ್ಲಿ ತನ್ನ ಆ ಮೆಲುದನಿಯ ಹಾಡು ಹಾಕಿದಳು. ಕಂಚಕ್ಕ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು.

"ಅವಳಿರಬಹುದು ಮಗಾ. ನಾನೂ ಇರಬಹುದು."

ಗುಬ್ಬಿಯ ಮುಖ ಸಪ್ಪಗಾಯಿತು. ನನಗೆ ಕೋಪ ನೆತ್ತಿಗೇರಿತು. "ಇದೇನ್ರೀ ಇದು! ನಿಮ್ಮ ಗಂಟಲು ನಿಮಗೇ ಗೊತ್ತಾಗಲ್ವಾ?"

"ಗೊತ್ತಾಗಬಾರದು ಅಂತಾನೇ ಅಲ್ವೇನಮ್ಮಾ ನಮ್ಮನ್ನ ಕರೀತಿದ್ದಿದ್ದು?" ಎಂದಳು ಕಂಚಕ್ಕ. ಅವಳಿಗೆ ಕೋಪ ಬಂದಿರಲಿಲ್ಲ. "ಚೆನ್ನಾಗಿ ಹಾಡಿದ ದಿನ ಆ ಹಾಡಲ್ಲಿ ನಾವಿಬ್ಬರೂ ಇರ್ತಾನೇ ಇರಲಿಲ್ಲ."

ಗುಬ್ಬಿ ಒಂದಾದಮೇಲೊಂದು ರೆಕಾರ್ಡು ಹಾಕುತ್ತ ಹೋದಳು. ಎಲ್ಲದಕ್ಕೂ ಅದೇ ಉತ್ತರ. ಕೊನೆಗೆ ಒಂದು ಉಳಿಯಿತು. ಅದನ್ನು ಹೊದಿಕೆಯಿಂದ ತೆಗೆಯದೆ ಪಕ್ಕಕ್ಕಿಟ್ಟಳು.

"ಅದ್ಯಾಕೆ?" ಎಂದೆ.

"ಅದು ಹಾಳಾಗಿದೆ ಚಿಕ್ಕಮ್ಮಾ. ಹಾಡಿನ ಮಧ್ಯೆ ಏನೋ ದಡ್ ದಡ್ ಅನ್ನುತ್ತೆ. ನಾನದನ್ನ ಹಾಕೋದೇ ಇಲ್ಲ."

"ಇಷ್ಟು ದೂರ ಹೊತ್ತು ತಂದಿದ್ದೀವಿ, ಹಾಕೇ ಸುಮ್ನೆ!"

ಹಾಕಿದಳು. ಮೊದಲು ವಾದ್ಯ, ಆಮೇಲೆ ಅದೇ ದೊಡ್ಡ ಗಾಯಕಿಯ ನಕಲು ಧ್ವನಿ. ಅದರ ಅಡಿಯಲ್ಲಿ ಎರಡು ಸಣ್ಣ ಪೆಟ್ಟು, ಒಂದು ದೊಡ್ಡದು.

"ಅಕ್ಕಾ!" ಎಂದು ಕಿರುಚಿದ್ದು ನಾನೇ ಎಂದು ಆಮೇಲೆ ಗೊತ್ತಾಯಿತು. ಪಾತ್ರೆಯ ಸದ್ದು, ಒದ್ದೆ ನೆಲ, ಅವಳ ಹಿಮ್ಮಡಿ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. "ಕಾಲು ಕಣೇ ಗುಬ್ಬಿ! ನಿಮ್ಮಮ್ಮನ ಕಾಲು!"

ಕಂಚಕ್ಕ ಎದ್ದು ನಿಂತಿದ್ದಳು. "ಅಯ್ಯೋ ದೇವರೇ. ಆ ದಿನದ್ದು."

"ಯಾವ ದಿನ?" ಎಂದಳು ಗುಬ್ಬಿ.

"ಕಾಲು ಕುಟ್ಟದೆ ನಿಮ್ಮಮ್ಮನಿಗೆ ಹಾಡೋಕೇ ಬರ್ತಿರಲಿಲ್ಲ ಮಗಾ. ಬೈದು ಬೈದು ಸಾಕಾಗಿ, ರೆಕಾರ್ಡಿಂಗ್ ಮಾಡೋ ಆಸಾಮಿ ಅವಳ ಕಾಲ ಕೆಳಗೆ ಒಂದು ಕಂಬಳಿ ಮಡಚಿ ಹಾಕ್ತಿದ್ದ. ಸದ್ದು ಕೇಳಬಾರದು ಅಂತ. ಯಾವಾಗ್ಲೂ ಹಾಕ್ತಿದ್ದ."

"ಮತ್ತೆ ಇದರಲ್ಲಿ ಕೇಳಿಸ್ತಾ ಇದೆಯಲ್ಲಾ? ಕಂಬಳಿ ಎಲ್ಲಿತ್ತು?"

ಕಂಚಕ್ಕ ನನ್ನ ಕಡೆ ನೋಡಿದಳು. "ನಿಮ್ಮ ಚಿಕ್ಕಮ್ಮನಿಗೆ ಅವತ್ತು ಕೆಲಸದ ಅಂಗಡೀಲಿ ರಜೆ ಕೊಟ್ಟಿರಲಿಲ್ಲವಂತೆ. ನಿನಗೆ ಜ್ವರ. ಬಿಟ್ಟು ಬರೋಕೆ ಯಾರೂ ಇಲ್ಲದೆ ಎತ್ಕೊಂಡೇ ಬಂದ್ಲು. ಆ ಕೋಣೆ ಮಂಜಿನ ಹಾಗೆ ತಣ್ಣಗಿತ್ತು. ಹಾಡೋಕೆ ನಿಂತವಳು ಕಾಲ ಕೆಳಗಿನ ಕಂಬಳಿ ಎಳ್ಕೊಂಡು ಕೊಡವಿ, ನಿನಗೆ ಹೊದಿಸಿ, ಪಿಯಾನೋ ಪಕ್ಕ ಮಲಗಿಸಿದ್ಲು. ಆಮೇಲೆ ನಿನ್ನನ್ನೇ ನೋಡ್ತಾ ಹಾಡಿದ್ಲು. ಎರಡನೇ ಸಲ ಹಾಡಿಸೋ ಪದ್ಧತಿ ಅಲ್ಲಿರಲಿಲ್ಲ. ಹಾಗೇ ಅಚ್ಚಾಗೋಯ್ತು."

ಗುಬ್ಬಿ ಪ್ಲೇಯರನ್ನು ಮೇಜಿನಿಂದ ಎತ್ತಿ ಹಲಗೆ ನೆಲದ ಮೇಲಿಟ್ಟು, ಅದರ ಪಕ್ಕ ಮಗ್ಗುಲಾಗಿ ಮಲಗಿ, ನೆಲಕ್ಕೆ ಕಿವಿ ಕೊಟ್ಟಳು. ಧ್ವನಿಯ ಗುಂಡಿಯನ್ನು ಪೂರ್ತಿ ತಿರುಗಿಸಿದಳು. ಇಡೀ ಕೋಣೆಗೆ ಪೆಟ್ಟು ಕೇಳಿಸತೊಡಗಿತು. ಅವಳ ಕಣ್ಣಿಂದ ನೀರು ದಳದಳ ಸುರಿದು ಹಲಗೆಯ ಮೇಲೆ ಬೀಳುತ್ತಿತ್ತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದೆ.

ಕೆಳಗೆ ಹೊಲಿಗೆ ಯಂತ್ರ ನಿಂತಿತು. ದರ್ಜಿ ಬೀದಿಗೆ ಬಂದು ಕೂಗಿದ: "ಮೇಲೆ ಯಾರಮ್ಮಾ ಅದು ಕುಟ್ಟೋದು?"

ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ.

"ನಮ್ಮಕ್ಕ ಕಣಪ್ಪಾ! ಏನೀಗ?"

ಗುಬ್ಬಿ ಮುಳ್ಳನ್ನು ಎತ್ತಿ ಮತ್ತೆ ಮೊದಲಿಗೆ ಇಟ್ಟಳು.