ಕೆಂಪು ದಾರದ ಮರಿಗಳು

ತುಕ್ಕಾನಟ್ಟಿಯ ಮಾಯವ್ವನ ಕುರಿದೊಡ್ಡಿಯಲ್ಲಿ ಅವತ್ತು ಬೆಳಿಗ್ಗೆ ಒಂದು ಮರಿ ಸತ್ತಿತ್ತು. ಕುರಿ ಸಾಕಿದವರ ಮನೆಯಲ್ಲಿ ಇದೇನು ಹೊಸದಲ್ಲ. ಚಳಿಗಾಲದಲ್ಲಿ ಕುರಿ ಈಯುವಾಗ ಒಂದಕ್ಕೆ ಹಾಲಿರುವುದಿಲ್ಲ, ಇನ್ನೊಂದು ತನ್ನ ಮರಿಯನ್ನೇ ಒದೆಯುತ್ತದೆ. ಆದರೆ ಮಾಯವ್ವ ಈ ಸಲ ಸತ್ತ ಮರಿಯ ಕಡೆ ನೋಡಲಿಲ್ಲ, ಅದನ್ನು ಹಿಡಿದಿದ್ದ ಸೊಸೆಯ ಕೈ ನೋಡಿದಳು.

"ಐದನೇದು ಇದು. ಇಕಿ ಕೈಗುಣಾನ ಚಲೋ ಇಲ್ಲ" ಎಂದಳು.

ಸೊಸೆ ವಿಜಯಲಕ್ಷ್ಮಿ ಹೋದ ವರ್ಷ ಹುಕ್ಕೇರಿ ಕಡೆಯ ಘೋಡಗೇರಿಯಿಂದ ಮದುವೆಯಾಗಿ ಬಂದವಳು. ತವರಿನಲ್ಲೂ ಕುರಿ ಇದ್ದುವು. ಬಾಟ್ಲಿಯಲ್ಲಿ ಹಾಲು ಕುಡಿಸುವುದರಲ್ಲಿ ಅವಳ ಕೈ ಪಳಗಿದ್ದು. ಅದಕ್ಕೇ ಹಾಲು ಸಿಗದೆ ಸೋತ ಮರಿ ಕಂಡರೆ ಸಾಕು, "ವಿಜಯಾ, ತಗೋ" ಎಂದು ಮಾಯವ್ವ ತಾನೇ ಅವಳ ಮಡಿಲಿಗೆ ಹಾಕುತ್ತಿದ್ದಳು.

ಮಾತು ಮರಿಗೇ ನಿಂತಿದ್ದರೆ ಸಹಿಸಬಹುದಿತ್ತು. ಮಾಯವ್ವನ ಮಗಳು ಶೈಲಾ ಬಾಣಂತನಕ್ಕೆ ಬಂದಿದ್ದಳು. ಮನೆಯಲ್ಲಿ ಇಪ್ಪತ್ತೈದು ದಿನದ ಹೆಣ್ಣುಕೂಸು. ಅವತ್ತು ತೊಟ್ಟಿಲಲ್ಲಿ ಕೂಸು ಅತ್ತಾಗ ವಿಜಯಲಕ್ಷ್ಮಿ ಎತ್ತಿಕೊಳ್ಳಲು ಬಾಗಿದಳು. ಮಾಯವ್ವ ಅಡ್ಡ ಬಂದಳು.

"ನೀ ಹಿಡೀಬ್ಯಾಡ."

ಜೋರಾಗಿ ಹೇಳಲಿಲ್ಲ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ವಿಜಯಲಕ್ಷ್ಮಿ ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡಳು. ಕೈಗೆ ಏನೂ ಹತ್ತಿರಲಿಲ್ಲ. ಪಾಪ, ತನ್ನ ಕೈಯ ಮೇಲೆ ಅವಳಿಗೇ ಸಂಶಯ ಶುರುವಾಗಿತ್ತು.

ಮಧ್ಯಾಹ್ನ ಕೌಜಲಗಿಯಿಂದ ದಾಕ್ಷಾಯಿಣಿ ಬಂದಳು. ಅವಳು ಪಶುಸಖಿ. ಮನೆಮನೆಗೆ ಹೋಗಿ ಕುರಿ, ಆಡು, ಎಮ್ಮೆಗಳ ಆರೋಗ್ಯ ವಿಚಾರಿಸುವುದು ಅವಳ ಕೆಲಸ.

"ಏನ್ ಮಾಯಕ್ಕ, ಮಾರಿ ಸಣ್ಣ ಮಾಡೀರಿ?"

"ಏನ್ ಹೇಳ್ಲಿ ಬಾಯಾರ. ನಮ್ಮ ಸೊಸಿ ಮುಟ್ಟಿದ ಮರಿ ಉಳಿಯಾಂಗಿಲ್ಲ. ಮಂದಿ ಮಾತಲ್ಲ ಇದು, ಐದು ಮರಿ ನಾನ ಕಣ್ಣಾರೆ ನೋಡೇನಿ."

"ಐದು ಸತ್ತಾವು, ಖರೆ. ಆಕಿ ಮುಟ್ಟಿದ್ದು ಎಷ್ಟು ಉಳದಾವ?"

ಮಾಯವ್ವ ಕೈ ಬೀಸಿದಳು. "ಅದನ್ನ ಯಾರು ಎಣಸ್ತಾರ? ಉಳದದ್ದು ಉಳೀತು."

"ಅಲ್ಲೇ ತಪ್ಪತೈತಿ ನೋಡ್ರಿ" ಎಂದು ದಾಕ್ಷಾಯಿಣಿ ಕಟ್ಟೆಯ ಮೇಲೆ ಕುಳಿತಳು. "ಒಂದು ಮಾತು ತಲ್ಯಾಗ ಕುಂತಿತಂದ್ರ, ಅದಕ್ಕ ಹೊಂದೂದಷ್ಟ ಕಣ್ಣಿಗೆ ಬೀಳತೈತಿ. ಹೊಂದಲಾರದ್ದು ಮರತ ಹೋಗತೈತಿ. ನಿಮಗೊಬ್ಬರಿಗೇ ಅಲ್ಲ, ಸಾಲಿ ಕಲಿತವರಿಗೂ ಹಂಗ. ನನ್ನದ ಕೇಳ್ರಿ. ನೀಲಿ ಸೀರಿ ಉಟ್ಟ ದಿನಾನ ನನ್ನ ಗಾಡಿ ಪಂಕ್ಚರ್ ಆಗತೈತಿ ಅಂತ ಎರಡು ವರ್ಷ ಆ ಸೀರಿ ಉಡಲಿಲ್ಲ. ಬ್ಯಾರೆ ಸೀರಿ ಉಟ್ಟಾಗೂ ಪಂಕ್ಚರ್ ಆಗಿತ್ತು. ಅದನ್ನ ನಾ ಲೆಕ್ಕಕ್ಕ ಹಿಡೀಲೇ ಇಲ್ಲ."

ಮಾಯವ್ವನಿಗೂ ಸ್ವಲ್ಪ ನಗು ಬಂತು. ಆಗ ಅಲ್ಲೇ ನಿಂತಿದ್ದ ಮಗ, ವಿಜಯಲಕ್ಷ್ಮಿಯ ಗಂಡ ಸದಾಶಿವ ಹೇಳಿದ, "ಉಳದದ್ದನ್ನ ಎಣಸಾಕ ಬರತೈತ್ರಿ ಬಾಯಾರ. ವಿಜಯಾ ತಾ ಹಾಲು ಕುಡಿಸೂ ಮರಿ ಕೊಳ್ಳಿಗೆ ಕೆಂಪು ದಾರ ಕಟ್ಟತಾಳ, ಗುರುತಿಗೆ."

ಎಲ್ಲರೂ ದೊಡ್ಡಿಗೆ ಹೋದರು. ಕೆಂಪು ದಾರದ ಮರಿಗಳು ಹನ್ನೊಂದು. ಮಾಯವ್ವ ನಂಬದೆ ಇನ್ನೊಮ್ಮೆ ಎಣಿಸಿದಳು. ಮತ್ತೆ ಹನ್ನೊಂದೇ. ಅದರಲ್ಲಿ ಒಂದು ಅವಳ ಮೊಣಕಾಲಿಗೆ ಗುದ್ದುತ್ತಿತ್ತು. ಅವಳೇ ದಿನಾ ಮುದ್ದು ಮಾಡುವ ಮರಿ ಅದು, ಕೊರಳಲ್ಲಿ ದಾರ ಇದ್ದದ್ದು ಇವತ್ತೇ ಕಂಡಿತು.

"ಮಾಯಕ್ಕ, ಗಟ್ಟಿ ಮರಿಗೋಳ್ನ ಯಾರ ಕೈಗೆ ಕೊಡ್ತೀರಿ?"

"ಯಾರಿಗೂ ಇಲ್ಲ. ಅವು ತಾಯಿ ಮೊಲಿ ಕುಡೀತಾವ."

"ಅಂದ್ರ ಸಾಯೂ ಹಂಗಿದ್ದ ಹದಿನಾರು ಮರಿ ಆರಿಸಿ ಆರಿಸಿ ಸೊಸಿ ಕೈಗೆ ಕೊಟ್ಟೀರಿ. ಸಾಯೂ ಮರಿ ಆಕಿ ಕೈಯಾಗ ಸಾಯಲಾರದ ಮತ್ತೆಲ್ಲಿ ಸಾಯಬೇಕ್ರಿ?"

ಮಾಯವ್ವ ಮೊಣಕಾಲಿಗೆ ಗುದ್ದುತ್ತಿದ್ದ ಮರಿಯ ದಾರ ಮುಟ್ಟಿ ನೋಡಿದಳು. ಆದರೆ ಸೋಲು ಒಪ್ಪುವ ಹೆಂಗಸಲ್ಲ ಅವಳು. "ಆ ಹನ್ನೊಂದು ತಾವ ಉಳದಿರಬಹುದು. ನಾ ಕುಡಿಸಿದ್ರ ಹದಿನಾರೂ ಉಳೀತಿದ್ದುವೇನೋ."

ದಾಕ್ಷಾಯಿಣಿಗೆ ಸಿಟ್ಟು ಬರಲಿಲ್ಲ, ಖುಷಿಯಾಯಿತು. "ಇದು ಚಲೋ ಪ್ರಶ್ನೆ. ಇದಕ್ಕ ಬಾಯಿಮಾತಿನ ಉತ್ತರ ಬ್ಯಾಡ, ಪರೀಕ್ಷಾ ಮಾಡೂಣು. ಇನ್ನ ಮ್ಯಾಲ ಸೋತ ಮರಿ ಹುಟ್ಟಿದ್ರ ಚೀಟಿ ಎತ್ರಿ. ವಿಜಯಾನ ಚೀಟಿ ಬಂದ್ರ ಆಕಿ ಕುಡಿಸಲಿ, ಕೆಂಪು ದಾರ. ನಿಮ್ಮ ಚೀಟಿ ಬಂದ್ರ ನೀವು ಕುಡಿಸ್ರಿ, ಹಸರು ದಾರ. ಅದ ಆಡಿನ ಹಾಲು, ಅದ ಬಾಟ್ಲಿ, ಅದ ಹೊತ್ತು."

"ಚೀಟಿ ಯಾಕ? ನಾನ ನೋಡಿ ಹಂಚತೇನಿ."

"ನೀವ ಹಂಚಿದ್ರ, ನಿಮಗ ಗೊತ್ತಿಲ್ಲದಂಗ ಒಂಚೂರು ಗಟ್ಟಿ ಇದ್ದವು ನಿಮ್ಮ ಪಾಲಿಗೆ ಬರತಾವ, ಪೂರಾ ಸೋತವು ಸೊಸಿ ಪಾಲಿಗೆ ಹೋಗತಾವ."

ಸದಾಶಿವ ನಕ್ಕ. ಅವ್ವನ ಮುಖ ನೋಡಿ ನಗು ನುಂಗಿಕೊಂಡ.

ವಿಜಯಲಕ್ಷ್ಮಿ ಅಂಜುತ್ತ ಕೇಳಿದಳು, "ನನ್ನ ಪಾಲಿನ ಮರೀನ ಸತ್ರ?"

"ಸತ್ರ ಎಣಸೂಣು, ಉಳದ್ರೂ ಎಣಸೂಣು" ಎಂದಳು ದಾಕ್ಷಾಯಿಣಿ. ಹುಟ್ಟಿದ ಮರಿಗೆ ಒಂದು ತಾಸಿನೊಳಗೆ ಗಿಣ್ಣದ ಹಾಲು ಬೀಳಬೇಕು, ಚಳಿಗೆ ಗೋಣಿಚೀಲ ಹಾಸಬೇಕು ಎಂದು ಇಬ್ಬರಿಗೂ ತಿಳಿಸಿ ಹೋದಳು.

ಆರು ವಾರ ಕಳೆದುವು. ಕೂಸು ಎಲ್ಲರ ಮಡಿಲು ಸುತ್ತಿತು, ವಿಜಯಲಕ್ಷ್ಮಿಯ ಮಡಿಲೊಂದನ್ನು ಬಿಟ್ಟು. ಸೋತ ಮರಿಗಳು ಹನ್ನೆರಡು ಹುಟ್ಟಿದುವು. ಚೀಟಿಯಲ್ಲಿ ಅತ್ತೆಗೆ ಆರು, ಸೊಸೆಗೆ ಆರು ಬಂದುವು. ಮಾಯವ್ವ ಹಟ ಹಿಡಿದು ಸಾಕಿದಳು. ಒಂದು ಮರಿಯನ್ನು ಇಡೀ ದಿನ ಮಡಿಲಿಂದ ಇಳಿಸಲಿಲ್ಲ. ಸಂಜೆ ಅದು ಮಡಿಲಲ್ಲೇ ತಣ್ಣಗಾಯಿತು.

ದಾಕ್ಷಾಯಿಣಿ ಮತ್ತೆ ಬಂದಾಗ ದೊಡ್ಡಿಯಲ್ಲಿ ಹೊಸ ಕೆಂಪು ದಾರ ಐದು, ಹಸಿರು ದಾರ ನಾಲ್ಕು.

"ಸೊಸಿ ಗೆದ್ಲು ಬಾಯಾರ" ಎಂದಳು ಮಾಯವ್ವ.

"ಗೆದ್ದಿಲ್ರಿ. ಆರು ಮರ್ಯಾಗ ಒಂದು ಹೆಚ್ಚು ಕಡಿಮಿ ಆಗೂದು ಸಹಜ. ಆಕಿ ಕೈ ನಿಮ್ಮ ಕೈಗಿಂತ ಚಲೋ ಅಂತ ಇಷ್ಟರ ಮ್ಯಾಲ ನಾ ಹೇಳಂಗಿಲ್ಲ. ಆದ್ರ ಆಕಿದು ಕೆಟ್ಟ ಕೈ ಅನ್ನಾಕ ಏನೂ ಸಿಗಲಿಲ್ಲ."

ಮಾಯವ್ವ ತನ್ನ ಎರಡೂ ಕೈ ನೋಡಿಕೊಂಡಳು. "ನನ್ನ ಕೈಯಾಗ ಎರಡು ಹೋದುವು. ನನಗ ಯಾರೂ ಕೈಗುಣಾ ಅನ್ನಲಿಲ್ಲ."

ಒಳಗೆ ಕೂಸು ಅತ್ತಿತು. ಶೈಲಾ ಬಚ್ಚಲಲ್ಲಿದ್ದಳು. ಮಾಯವ್ವ ಮೊಮ್ಮಗಳನ್ನು ತೊಟ್ಟಿಲಿಂದ ಎತ್ತಿಕೊಂಡು ಹೊರಗೆ ಬಂದಳು, ಸೀದಾ ಸೊಸೆಯ ಮುಂದೆ ನಿಂತಳು.

"ಹಿಡಿ."

ವಿಜಯಲಕ್ಷ್ಮಿ ಸೆರಗಿಗೆ ಕೈ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು.

"ಎಷ್ಟು ಒರಸತಿ? ನಿನ್ನ ಕೈಗೆ ಏನೂ ಹತ್ತಿಲ್ಲವ್ವ. ಹತ್ತಿದ್ದು ನನ್ನ ತಲಿಗೆ."

ಕೂಸು ವಿಜಯಲಕ್ಷ್ಮಿಯ ಕೈಗೆ ಬಂತು. ಅವಳ ಕಣ್ಣಲ್ಲಿ ನೀರು ತುಂಬಿತು. ಕೂಸು ಮಾತ್ರ ಅಳು ನಿಲ್ಲಿಸಲಿಲ್ಲ, ಇನ್ನೂ ಜೋರು ಮಾಡಿತು. ಒಂದು ಗಳಿಗೆ ಎಲ್ಲರೂ ಮಾಯವ್ವನ ಮುಖ ನೋಡಿದರು.

"ನನ್ನ ಯಾಕ ನೋಡತೀರಿ? ಕೂಸಿಗೆ ಹಸಿವ್ಯಾಗೈತಿ. ಶೈಲಾನ್ನ ಕರೀರಿ" ಎಂದಳು ಮಾಯವ್ವ. ದಾಕ್ಷಾಯಿಣಿ ಮನಸಾರೆ ನಕ್ಕಳು.

ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಓಣಿಯಲ್ಲೂ ಕೈಗುಣ ಸರಿ ಇಲ್ಲ, ಕಾಲ್ಗುಣ ಸರಿ ಇಲ್ಲ ಎಂದು ಹೆಸರು ಹೊತ್ತವರು ಇದ್ದಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಕೆಟ್ಟದ್ದು ಎಣಿಸಿದ ಬೆರಳಲ್ಲೇ ಒಳ್ಳೆಯದನ್ನೂ ಎಣಿಸಿ. ಕಷ್ಟದ ಕೆಲಸವೆಲ್ಲ ಒಬ್ಬರಿಗೇ ಕೊಟ್ಟು ಅವರನ್ನೇ ದೂರುತ್ತಿದ್ದೇವೆಯೇ ಎಂದು ಒಮ್ಮೆ ಕೇಳಿಕೊಳ್ಳಿ. ಮರಿ ಸೋತರೆ ಪಶುಸಖಿಯನ್ನೋ ದನದ ಡಾಕ್ಟರನ್ನೋ ಕರೆಯಿರಿ. ಮತ್ತೆ ಇವತ್ತು ಮನೆಗೆ ಹೋದ ಮೇಲೆ, ನೀವು ಯಾರ ಕೈಗೆ ಕೂಸು ಕೊಡಲು ಹಿಂಜರಿದಿದ್ದಿರೋ, ಅವರ ಕೈಗೆ ಕೊಟ್ಟು ನೋಡಿ.